ಎಮ್ಮೆಯ ಬಾಯಿಗೆ ಬಿದ್ದ ಬರ್ಫ

ಹೋದ ರವಿವಾರ ನಮ್ಮ ಎಮ್ಮೆ ಬರ್ಫ ತಿಂದಿತು.

ನಗಬೇಡಿ. ಒಂದು ಚೂರಲ್ಲ, ಅರ್ಧ ಗಡ್ಡೆ ಬರ್ಫ, ನೀವು ಐಸ್ ಅನ್ನುತ್ತೀರಲ್ಲ ಅದು. ಕಲಬುರಗಿಯಿಂದ ಮೊದಲ ಬಸ್ಸಿಗೆ ಬಂದದ್ದು. ಅದನ್ನು ಎರಡು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಆಳಂದದವರೆಗೆ ತಂದವರು ನಮ್ಮ ಯಜಮಾನರು. ಬಸ್ಸಿನಿಂದ ಇಳಿದಾಗ ಅವರ ಪ್ಯಾಂಟು ಸೊಂಟದಿಂದ ಮೊಣಕಾಲಿನವರೆಗೆ ಒದ್ದೆ. ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಇಬ್ಬರು ಸಿಕ್ಕರಂತೆ. ನೋಡಿದವರೇ ಮುಖ ತಿರುಗಿಸಿಕೊಂಡು ಹೋದರಂತೆ. (ಸೋಮವಾರ ಆಫೀಸಿನಲ್ಲಿ ಇವರು ಏನು ಹೇಳಿಕೊಂಡರೋ, ನಾನು ಕೇಳಲು ಹೋಗಲಿಲ್ಲ.)

ಇಷ್ಟೆಲ್ಲ ಯಾಕೆ? ಒಂದು ಗ್ಲಾಸು ಶರಬತ್ತಿಗೆ. ಆ ಗ್ಲಾಸನ್ನು ನನ್ನ ಮೈದುನ ಸಿದ್ರಾಮ ಕುಡಿಯಬೇಕಿತ್ತು. ಅವನು ಕುಡಿಯದಿದ್ದರೆ ನನ್ನ ಅತ್ತೆ ಮನೆ ಬಿಟ್ಟು ಹೋಗುವವರಿದ್ದರು.

ಮೊದಲಿನಿಂದ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಇಂಥದೇ ಉರಿ ಬೇಸಿಗೆಯಲ್ಲಿ, ಆಳಂದದ ನಮ್ಮ ಮನೆಯ ಗೃಹಪ್ರವೇಶ. ಸಿದ್ರಾಮ ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ಹೊಲ ಮನೆ ನೋಡಿಕೊಂಡು ಇರುವವನು. ಹೆಂಡತಿ, ಮಾವ, ಊರಿನ ಹಿರಿಯರು ಅಂತ ಒಂದು ಟೆಂಪೋ ಜನರನ್ನು ಕರೆದುಕೊಂಡು ಬಂದ. ಮಧ್ಯಾಹ್ನ ಒಂದು ಗಂಟೆ. ಅದೇ ಹೊತ್ತಿಗೆ ನಮ್ಮವರ ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಜೀಪಿನವರಿಗೆ ಬರ್ಫ ಹಾಕಿದ ಶರಬತ್ತು ಹೋಯಿತು. ಟೆಂಪೋದವರಿಗೆ ಬರೀ ಶರಬತ್ತು. ಅದೂ ಬಿಸಿಲಿನಲ್ಲಿ ಇಟ್ಟ ಪಾತ್ರೆಯದು. ಸ್ನಾನದ ನೀರಿಗೆ ಸಕ್ಕರೆ ಹಾಕಿದ ಹಾಗಿತ್ತು ಅಂತ ಆಮೇಲೆ ಯಾರೋ ಅಂದರು.

"ಬರ್ಫ ಮುಗಿದದ" ಅಂತ ಹೇಳಿದವಳು ನಾನು.

ಸಿದ್ರಾಮನ ಮಾವ ಕುಡಿದು ಗ್ಲಾಸು ಕೆಳಗಿಟ್ಟರು. ಸಿದ್ರಾಮ ಮುಟ್ಟಲಿಲ್ಲ. ಊಟಕ್ಕೂ ನಿಲ್ಲದೆ ಎದ್ದ. ಹೊಸ್ತಿಲ ಹತ್ತಿರ ನಿಂತು ಅಣ್ಣನಿಗೆ ಹೇಳಿದ, "ಇನ್ನ ನಿನ್ನ ಮನಿ ಹೊಸ್ತಿಲ ತುಳಿಯಂಗಿಲ್ಲಣ್ಣ. ನೀರೂ ಮುಟ್ಟಂಗಿಲ್ಲ." ಆ ಹೊಸ್ತಿಲಿಗೆ ಹಚ್ಚಿದ ಅರಿಶಿನ ಕುಂಕುಮ ಆಗಿನ್ನೂ ಹಸಿ.

ಒಂದು ಚೂರು ಬರ್ಫಕ್ಕೆ ಇಷ್ಟೊಂದೇ ಅನ್ನುತ್ತೀರಾ? ನಾನೂ ಆಗ ಹಾಗೇ ಅಂದಿದ್ದೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ತಂಪು ಎಲ್ಲರಿಗೂ ಒಂದೇ ಸಮ ಹಂಚುವುದಿಲ್ಲ. ಮನೆಗೆ ನಾಲ್ಕು ಜನ ಬಂದಾಗ ಟೇಬಲ್ ಫ್ಯಾನಿನ ಮುಖ ಯಾರ ಕಡೆಗೆ ತಿರುಗುತ್ತದೆ ನೋಡಿ. ಅವರ ಸಂಬಳ ಎಷ್ಟು ಅಂತ ಬೇರೆ ಕೇಳಬೇಕಾಗಿಲ್ಲ.

ಹಟ ಅಂದರೆ ಹಟ. ಆದರೆ ತಾಯಿ ನಮ್ಮ ಹತ್ತಿರ ಇದ್ದಾರಲ್ಲ? ಹಾಗಾಗಿ ತಿಂಗಳಿಗೊಮ್ಮೆ ಬರುತ್ತಾನೆ. ಹಿಂದಿನ ಗೇಟಿನಿಂದ. ಹಿತ್ತಲಲ್ಲಿ ಹೊರಸಿನ ಮೇಲೆ ಕೂತು ತಾಯಿಯ ಜೊತೆ ಮಾತಾಡುತ್ತಾನೆ. ಕುಡಿಯುವ ನೀರು? ಊರಿಂದಲೇ ಪ್ಲಾಸ್ಟಿಕ್ ಕ್ಯಾನಿನಲ್ಲಿ ತರುತ್ತಾನೆ. ಕೊಳಕೂರದಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಕಲಬುರಗಿಯಿಂದ ಆಳಂದ. ಮೂರು ಬಸ್ಸು ಬದಲಿಸಿ ಬಂದ ಆ ನೀರು ಕುದಿಯುವುದೊಂದು ಬಾಕಿ. ಅದನ್ನೇ ನಮ್ಮೆದುರು ಗಟಗಟ ಕುಡಿಯುತ್ತಾನೆ.

ಹೀಗೆ ನಮ್ಮ ಹಿತ್ತಲು ಡ್ರಾಯಿಂಗ್ ರೂಮ್ ಆಯಿತು. ಅವನಿಗೋಸ್ಕರ ತೊಗರಿಕಟ್ಟಿಗೆಯ ಚಪ್ಪರ ಹಾಕಿಸಿದೆವು. ಹೊರಸು ಒಂದಿದ್ದದ್ದು ಎರಡಾಯಿತು. ಈಗ ಬೇರೆ ನೆಂಟರು ಬಂದರೂ ಸೀದಾ ಹಿತ್ತಲಿಗೇ ನಡೆಯುತ್ತಾರೆ. ಹಿತ್ತಲು ಸಣ್ಣದು ಮಾಡಿ ಹಾಲ್ ದೊಡ್ಡದು ಮಾಡೋಣ ಅಂದಿದ್ದ ಎಂಜಿನಿಯರನ ಮಾತು ಕೇಳಿದ್ದೆವು. ಆ ದೊಡ್ಡ ಹಾಲಿನಲ್ಲಿ ಸೋಫಾ ಸೆಟ್ ಧೂಳು ತಿನ್ನುತ್ತಿದೆ.

ಹೋದ ವಾರ ಅತ್ತೆ ರೊಟ್ಟಿ ಬಡಿಯುತ್ತ ಹೇಳಿದರು, "ರವಿವಾರ ಸಿದ್ರಾಮ ಬರಾಕತ್ತಾನ. ಈ ಸಲ ಅವ ಈ ಮನಿ ನೀರು ಕುಡೀಲಿಲ್ಲ ಅಂದ್ರ ನಾ ಅವನ ಸಂಗಾಟ ಕೊಳಕೂರಕ ಹೋಗ್ತೇನಿ. ತಿರುಗಿ ಬರಂಗಿಲ್ಲ. ಒಬ್ಬ ಮಗ ಹಿತ್ತಲದಾಗ ಕುಂತು ತನ್ನ ನೀರು ಕುಡಿಯೂದು, ಇನ್ನೊಬ್ಬ ನಿಂತು ನೋಡೂದು. ನನಗ ಸಾಕಾಗ್ಯಾದ."

"ಹಂಗ್ಯಾಕ ಅಂತೀರಿ ಅತ್ತಿ" ಅಂದೆ. ಅವರು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ಅತ್ತೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ಈ ಮನೆಗೆ ಬಂದಾಗಿನಿಂದ ನಾನು ಕಂಡಿಲ್ಲ.

ಬಾಯಿಬಿಟ್ಟು ಹೇಳುತ್ತೇನೆ, ನನಗೆ ಭಯವಾಯಿತು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬರುವ ಹೊತ್ತಿಗೆ ಬಿಸಿ ರೊಟ್ಟಿ ಕೊಡುವವರು ಅವರು, ಅದು ಖರೆ. ಆದರೆ ರೊಟ್ಟಿಗಾಗಿ ಅಲ್ಲ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದವಳು. ಅತ್ತೆಯೂ ಹೋದರೆ ಸಂಜೆ ನಾನು ಯಾರ ಜೊತೆ ಜಗಳ ಮಾಡಲಿ?

ಎಲ್ಲಿ ಕೆಟ್ಟಿತ್ತೋ ಅಲ್ಲಿಂದಲೇ ಸರಿ ಮಾಡೋಣ ಅಂತ ನಾನೂ ನಮ್ಮವರೂ ಪ್ಲಾನ್ ಮಾಡಿದೆವು. ನಿಂಬೆಹಣ್ಣಿನ ಶರಬತ್ತು, ಒಂದು ಡಜನ್ ಗೋಲಿಸೋಡಾ. ಎಲ್ಲವೂ ಬರ್ಫದಲ್ಲಿ. ಫ್ರಿಜ್ ಇಲ್ಲವೇ ಅಂತ ಕೇಳುತ್ತೀರಿ. ನಮ್ಮ ಓಣಿಯಲ್ಲಿ ಇರುವುದು ಒಂದೇ ಫ್ರಿಜ್, ಡಾಕ್ಟರ ಮನೆಯದು. ಬೇಸಿಗೆಯಲ್ಲಿ ಕರೆಂಟೇ ಇರುವುದಿಲ್ಲವಾದ್ದರಿಂದ ಅವರ ಮನೆಯವರು ಅದರಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಾರೆ. (ಇಲಿ ಹೋಗುವುದಿಲ್ಲವಂತೆ.)

ಬರ್ಫ ಬೇಗ ಕರಗಬಾರದು ಅಂದರೆ ಕಟ್ಟಿಗೆ ಪುಡಿಯಲ್ಲಿ ಹೂತಿಡಬೇಕು. ರವಿವಾರ ಸಾ ಮಿಲ್ ಬಂದ್. ನಮ್ಮವರಿಗೆ ಐಡಿಯಾ ಹೊಳೆಯಿತು. "ತೊಗರಿ ಹೊಟ್ಟು ಅದ ಅಲ್ಲ? ಒಂದು ಚೀಲ ತುಂಬ ಅದ." ಖರೆ. ತೊಗರಿಯ ಊರಿನಲ್ಲಿ ಹೊಟ್ಟಿಗೇನು ಬರ? ಹಳೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಕೆಳಗೆ ಹೊಟ್ಟು, ನಡುವೆ ಬರ್ಫ, ಸುತ್ತ ಸೋಡಾ ಬಾಟಲಿ, ಮೇಲೆ ಮತ್ತೆ ಹೊಟ್ಟು.

ನಾನಾದರೂ ಸುಮ್ಮನಿರಬೇಕಿತ್ತು. ಆದರೆ ನಾನು ಸೈನ್ಸ್ ಟೀಚರ್. "ಬರ್ಫದ ಮ್ಯಾಲ ಉಪ್ಪು ಹಾಕ್ರಿ, ಇನ್ನೂ ಥಂಡ ಆಗ್ತದ" ಅಂದೆ. ಪ್ರತಿ ವರ್ಷ ಮಕ್ಕಳಿಗೆ ಹೇಳುವ ಪಾಠ. ಎರಡು ಮುಷ್ಟಿ ಉಪ್ಪು ಬಿತ್ತು. ಇನ್ನು ಪೆಟ್ಟಿಗೆಗೆ ನೆರಳು ಬೇಕಲ್ಲ? ಹಿತ್ತಲಲ್ಲಿ ದಟ್ಟ ನೆರಳಿರುವುದು ಬೇವಿನ ಮರದ ಕೆಳಗೆ. ಅಲ್ಲಿ ಮೊದಲೇ ಒಬ್ಬಳಿದ್ದಳು. ಚಂದ್ರಿ, ನಮ್ಮ ಎಮ್ಮೆ.

ಹೊಟ್ಟು, ಉಪ್ಪು, ನೀರು. ದಿನಾ ಸಂಜೆ ಅತ್ತೆ ಚಂದ್ರಿಗೆ ಕಲಸಿ ಇಡುವುದು ಇದನ್ನೇ. ಆ ಚೀಲದ ಹೊಟ್ಟೂ ಅವಳದೇ. ಎಂ.ಎ. ಓದಿದ ಗಂಡ, ಬಿ.ಎಸ್ಸಿ. ಓದಿದ ಹೆಂಡತಿ ಸೇರಿ, ಅವಳ ಮೂಗಿನ ಮುಂದೆಯೇ ಊಟ ಬಡಿಸಿ, ಕೈ ತೊಳೆದುಕೊಂಡು ಒಳಗೆ ಹೋದೆವು.

ಹತ್ತು ಗಂಟೆಗೆ ಬಂದು ನೋಡಿದರೆ ಹಗ್ಗ ಹರಿದಿದೆ. ಪೆಟ್ಟಿಗೆ ಬೋರಲು ಬಿದ್ದಿದೆ. ಸೋಡಾ ಬಾಟಲಿಗಳು ಬಿಸಿಲಿಗೆ ಉರುಳಿವೆ, ಎರಡು ಒಡೆದಿವೆ. ಹೊಟ್ಟು ಇಲ್ಲ. ಬರ್ಫ ನಿಂಬೆಹಣ್ಣಿನಷ್ಟು ಉಳಿದಿದೆ. ಅದನ್ನೂ ಚಂದ್ರಿ ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿದ್ದಾಳೆ. ಹುಟ್ಟಿದಾಗಿನಿಂದ ಅವಳು ಅಷ್ಟು ಸುಖ ಕಂಡಿರಲಿಲ್ಲ.

ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಮ್ಮವರು ಎಮ್ಮೆಗೆ ಬೈಯುತ್ತಿದ್ದರು. ಅತ್ತೆ ಬಂದು ನೋಡಿದರು. ಒಳಗೆ ಹೋಗಿ ತಮ್ಮ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದರು.

ಆಗ ಗೋಡೆಯ ಆಚೆಯಿಂದ ಜೈನಬಿ ಖಾಲಾ ಇಣುಕಿದರು. ಪಕ್ಕದ ಮನೆಯವರು, ಅರವತ್ತು ದಾಟಿದವರು, ಓಣಿಗೆಲ್ಲ ಚಿಕ್ಕಮ್ಮ. ನಮ್ಮ ಮನೆಯ ಸುದ್ದಿಯೆಲ್ಲ ಅವರಿಗೆ ಗೋಡೆಯ ಮೇಲಿಂದಲೇ ತಲುಪುತ್ತದೆ. "ಕ್ಯಾ ಹುವಾ ಟೀಚರಮ್ಮ? ಎಮ್ಮಿಗಿ ಯಾಕ ಬೈಯಾಕತ್ತಾರ? ಅದರ ತಪ್ಪೇನದ?"

ಎಲ್ಲ ಹೇಳಿದೆ. ಖಾಲಾ ನಗಲಿಲ್ಲ. (ಮರುದಿನ ನಗಲು ಶುರು ಮಾಡಿದರು, ಇನ್ನೂ ನಿಲ್ಲಿಸಿಲ್ಲ.) "ಬರ್ಫಕ್ಕ ಕಲಬುರಗಿತನ ಯಾಕ ಹೋದ್ರಿ? ನಮ್ಮನ್ಯಾಗ ಎರಡು ಹರವಿ ನೀರು ತುಂಬಿ ಇಟ್ಟೇನಿ. ಒಯ್ಯರಿ."

ಹಿಂದಿನ ದಿನವೇ ತುಂಬಿ, ಒದ್ದೆ ಮರಳಿನ ಮೇಲೆ ಕೂಡಿಸಿ, ಒದ್ದೆ ಗೋಣಿ ಸುತ್ತಿಟ್ಟ ಮಣ್ಣಿನ ಹರವಿಗಳು. ಮುಟ್ಟಿದರೆ ಅಂಗೈ ಜುಮ್ಮೆಂದಿತು. ನಮ್ಮವರು ಹೊತ್ತು ತಂದರು, ನಾನು ಬುಟ್ಟಿಯಲ್ಲಿ ಮರಳು ತಂದೆ. ನೆರಳಿನ ಮೂಲೆ ತೋರಿಸಿದರೆ ಖಾಲಾ ತಲೆ ಅಲ್ಲಾಡಿಸಿದರು.

"ಮೂಲ್ಯಾಗ ಬ್ಯಾಡ. ಚಪ್ಪರದ ಬುಡಕ, ಗಾಳಿ ಬರೂ ಕಡಿ ಇಡ್ರಿ."

"ಖಾಲಾ, ಅದು ಬಿಸಿಗಾಳಿ."

"ಬಿಸಿ ಇದ್ದಷ್ಟೂ ಚಲೋ. ಗೋಣಿ ಒಣಗಬಾರದು, ಅಷ್ಟ ನೋಡ್ಕೋರಿ."

ನೀರು ಆವಿಯಾಗುವಾಗ ತಂಪಾಗುತ್ತದೆ. ಇದೂ ನಾನೇ ಹೇಳುವ ಪಾಠ. ಉಪ್ಪಿನ ಪುಟ ನೆನಪಾದವಳಿಗೆ ಈ ಪುಟ ಯಾಕೆ ನೆನಪಾಗಲಿಲ್ಲವೋ. ಉಳಿದ ಸೋಡಾ ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿ ಬೇವಿನ ಕೊಂಬೆಗೆ ನೇತುಹಾಕಿದೆವು. ಮರದ ತುಂಬ ನಮ್ಮವರ ಹರಿದ ಬನಿಯನ್ನುಗಳು.

ಒಂದು ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಲಿಂಗಪೂಜೆ ಮುಗಿಯದೆ ಅತ್ತೆ ಬಾಯಿಗೆ ಹನಿ ನೀರು ಹಾಕುವವರಲ್ಲ. ಬೇರೆಯವರ ಮನೆಯ ನೀರು ಕುಡಿದದ್ದನ್ನು ನಾನು ನೋಡಿಲ್ಲ. ಖಾಲಾಗೂ ಅದು ಗೊತ್ತು. "ಬೇಕಾದ್ರ ಈ ನೀರು ಚೆಲ್ಲಿ ನಿಮ್ಮ ನೀರು ಹಾಕ್ಕೋರಿ. ಹರವಿ ಥಂಡ ಅದ, ಲಗೂನ ಆಗ್ತದ" ಅಂತ ಮೆಲ್ಲಗೆ ಅಂದರು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕೈಯಲ್ಲಿ ಅರ್ಧ ಮಡಚಿದ ಸೀರೆ. "ತುಂಬಿದ್ದು ಯಾಕ ಚೆಲ್ತಿ ಜೈನಬಿ? ಮೊದಲ ನನಗ ಒಂದು ಗ್ಲಾಸ ಕೊಡು. ಗಂಟಲ ಒಣಗ್ಯಾದ."

ಪೂರ್ತಿ ಗ್ಲಾಸು ಕುಡಿದರು. ಖಾಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಿಸಿಲಿಗೆ ಉರಿಯಾಕತ್ತಾವ ಅಂದರು.

ಹನ್ನೆರಡಕ್ಕೆ ಸಿದ್ರಾಮ ಬಂದ. ಹಿಂದಿನ ಗೇಟು, ಕೈಯಲ್ಲಿ ಕ್ಯಾನು. ನಾನು ಆ ಹರವಿಯ ನೀರಿನಲ್ಲಿ ಮಾಡಿದ ಶರಬತ್ತು ಹಿಡಿದು ನಿಂತೆ. "ಬ್ಯಾಡ್ರಿ ವೈನಿ, ನನ್ನ ಕಡಿ ನೀರವ" ಅಂದ. ಅಷ್ಟರಲ್ಲಿ ಚಂದ್ರಿಯ ಮೂತಿಗೆ ಅಂಟಿದ ಹೊಟ್ಟು, ಬೋರಲು ಬಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಏನಾಯಿತು ಅಂತ ಕೇಳಿದ. ಅವನ ಅಣ್ಣ ಹೇಳಿದರು, ಪ್ಯಾಂಟು ಒದ್ದೆಯಾದದ್ದನ್ನೂ ಬಿಡಲಿಲ್ಲ. ಸಿದ್ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂರು ವರ್ಷದಲ್ಲಿ ನಮ್ಮ ಹಿತ್ತಲಲ್ಲಿ ಅವನು ನಕ್ಕದ್ದು ಅದೇ ಮೊದಲು.

ಆದರೆ ಗ್ಲಾಸಿಗೆ ಕೈ ಚಾಚಲಿಲ್ಲ. ಮತ್ತೆ ಕ್ಯಾನಿನ ಮುಚ್ಚಳ ತಿರುಗಿಸಿದ.

ಇನ್ನು ಉಳಿದದ್ದು ಒಂದೇ. ಅದನ್ನು ಕಲಬುರಗಿಯಿಂದ ತರುವ ಹಾಗಿರಲಿಲ್ಲ.

"ಸಿದ್ರಾಮ, ಅವತ್ತ ಬರ್ಫ ಮುಗಿದಿರಲಿಲ್ಲ" ಅಂದೆ. "ಸಾಹೇಬರು ಇನ್ನೊಂದು ಗ್ಲಾಸ ಕೇಳಿದ್ರ ಇರಲಿ ಅಂತ ಸ್ಟೀಲ್ ಡಬ್ಬ್ಯಾಗ ತೆಗೆದಿಟ್ಟಿದ್ದೆ. ನೀವು ಮನಿ ಮಂದಿ, ಊರವರು, ನಡೀತದ ಅಂದ್ಕೊಂಡೆ. ಸುಳ್ಳು ಹೇಳಿದೆ. ತಪ್ಪು ನಂದು."

 ನಮ್ಮ ಯಜಮಾನರಿಗೂ ಈ ಡಬ್ಬಿಯ ವಿಷಯ ಗೊತ್ತಾದದ್ದು ಆಗಲೇ.

ಸಿದ್ರಾಮ ಕ್ಯಾನು ಕೆಳಗಿಟ್ಟ. "ನನಗ ಗೊತ್ತಿತ್ತರಿ ವೈನಿ. ಕೈ ತೊಳಿಯಾಕ ಬಂದಾಗ ಆ ಡಬ್ಬ್ಯಾಗಿನ ಬರ್ಫ ನೋಡಿದ್ದೆ. ಬರ್ಫಕ್ಕಲ್ಲ ನನ್ನ ಸಿಟ್ಟು. ನಮ್ಮ ಮಾವ ಗ್ಲಾಸ ಇಟ್ಟು, ‘ಪಾಪ, ಮುಗಿದಿರಬೇಕು ಬಿಡು’ ಅಂದ್ರು. ಅವರು ನಿಮ್ಮ ಮಾತು ನಂಬಿದ್ರು. ಅದು ನನಗ ತಡ್ಕೊಳ್ಳಾಕ ಆಗಲಿಲ್ಲ. ಈ ಒಂದು ಮಾತಿಗಿ ಮೂರು ವರ್ಷ ದಾರಿ ನೋಡೇನಿ."

ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು ಕುಡಿದ. ಕುಡಿದು ಮುಗಿಸಿ ಸುತ್ತ ನೋಡಿದ. ನಮ್ಮವರ ಕೈಯಲ್ಲಿ ಗ್ಲಾಸಿತ್ತು. ಅತ್ತೆಯ ಕೈಯಲ್ಲಿತ್ತು. ಖಾಲಾ ಹರವಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗೋಣಿಗೆ ನೀರು ಚಿಮುಕಿಸುತ್ತಿದ್ದರು. ಬೆಳಗಿನಿಂದ ಅದೇ ಕೆಲಸ.

"ಖಾಲಾಗ ಕೊಟ್ಟೀರೇನ್ರಿ?" ಅಂದ ಸಿದ್ರಾಮ.

ಕೊಟ್ಟಿರಲಿಲ್ಲ. ಹರವಿ ಅವರದು, ನೀರು ಅವರದು. ಹೊರಗೆ ತಂದದ್ದು ನಾಲ್ಕೇ ಗ್ಲಾಸು. ಲೆಕ್ಕ ಹಾಕಿ ತಂದವಳು ನಾನೇ.

ನಾಚಿಕೆಯಿಂದ ಒಳಗೆ ಹೊರಟೆ. "ಕೂಡ್ರಿ ವೈನಿ, ನಾ ತರ್ತೇನಿ" ಅಂದವನೇ ಚಪ್ಪಲಿ ಬಿಟ್ಟು, ಹಿಂಬಾಗಿಲ ಹೊಸ್ತಿಲು ದಾಟಿ ಒಳಗೆ ಹೋದ. ಅಡಿಗೆಮನೆಯಿಂದ ಅವನ ದನಿ ಬಂತು. "ವೈನಿ, ಗ್ಲಾಸ ಎಲ್ಲಿ ಇಟ್ಟೀರಿ?"

ಅತ್ತೆ ತಾವೇ ಎದ್ದು ಒಳಗೆ ನಡೆದರು. ಸಂಜೆ ಅವರ ಸೀರೆಗಳೆಲ್ಲ ಮತ್ತೆ ಟ್ರಂಕಿಗೆ ಬಂದವು.

ದೀಪಾವಳಿಗೆ ಫ್ರಿಜ್ ತರೋಣ ಅನ್ನುತ್ತಿದ್ದಾರೆ ನಮ್ಮವರು. ತರಲಿ, ಬೇಡ ಅನ್ನುವುದಿಲ್ಲ. ಅಲ್ಲಿಯವರೆಗೆ ನಿಮ್ಮನ್ನೊಂದು ಮಾತು ಕೇಳಲೇ? ನಿಮ್ಮ ಮನೆಯಲ್ಲಿ ತಣ್ಣಗಿನ ಗ್ಲಾಸು ಎಲ್ಲರಿಗಿಂತ ಕೊನೆಗೆ ಯಾರ ಕೈಗೆ ಬರುತ್ತದೆ?