ಅವ್ವ ತೊಳೆದು ಬಿಟ್ಟುಬಂದ ಮನೆ

ನಾನೀಗ ಇರುವ ಎಸ್.ಎಸ್. ಬಡಾವಣೆಯಲ್ಲಿ ಇವತ್ತು ಯಾರದೋ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು. ಆ ಹಸಿ ಸಿಮೆಂಟಿನ ವಾಸನೆಗೆ ಹರಿಹರದ ಸರ್ಕಾರಿ ಕಾಲೊನಿ ನೆನಪಾಗಿ ಮೈಯೆಲ್ಲ ಉರಿಯಿತು.

ಅಲ್ಲಿನ ಮನೆಗಳನ್ನು ಕಟ್ಟುವಾಗ ಅವ್ವ ಬಾಂಡ್ಲಿಯಲ್ಲಿ ಸಿಮೆಂಟು ಹೊತ್ತಿದ್ದಳು. ಆಮೇಲೆ ಚೀಟಿ ಎತ್ತಿ ಮನೆ ಹಂಚಿದಾಗ ನಮಗೂ ನಡುವಿನ ಸಾಲಲ್ಲಿ ಒಂದು ಮನೆ ಬಂತು. ಬೀಗದ ಕೈ ಕೊಟ್ಟ ಸಾಹೇಬರು, "ಇಲ್ಲಿ ಮೇಲು ಕೀಳು ಇಲ್ಲ, ಎಲ್ಲರಿಗೂ ಒಂದೇ ಅಳತೆ ಮನೆ" ಎಂದು ಭಾಷಣ ಮಾಡಿದರು. ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ.

ವಾರದೊಳಗೆ ಅಕ್ಕಪಕ್ಕದವರು ಅದೇ ಸಾಹೇಬರನ್ನು ಕರೆತಂದರು. ನಾವು ಕೇರಿಯವರೆಂದು ಅವರಿಗೆ ಗೊತ್ತಾಗಿತ್ತು.

"ಕಡೇ ಸಾಲಿಗೆ ಹೋಗ್ರಮ್ಮ. ನಿಮ್ಮ ಜನ ಅಲ್ಲೇ ಅದಾರ" ಎಂದರು ಸಾಹೇಬರು.

"ಸಿಮೆಂಟು ಹೊರುವಾಗ ಜಾತಿ ಕೇಳಿದ್ರೇನ್ರಿ, ಸಾಹೇಬ್ರ?" ಎಂದಳು ಅವ್ವ.

ಸಾಹೇಬರು ಕಡೇ ಸಾಲಿನತ್ತ ಕೈ ತೋರಿಸಿದರು. ಅಪ್ಪ ಹೆದರಿ, "ಜಗಳ ಬ್ಯಾಡ" ಎನ್ನುತ್ತ ಪಾತ್ರೆ ಗಂಟು ಕಟ್ಟತೊಡಗಿದ. ನನಗೆ ಅವನ ಮೇಲೂ ಸಿಟ್ಟು ಬಂತು. ಕಡೇ ಸಾಲಿಗೆ ಹೊರಡುವ ಮುಂಚೆ ಅವ್ವ ಇಡೀ ಮನೆ ತೊಳೆದಳು.

"ಅವರಿಗೆ ಯಾಕ ತೊಳೀತಿ?" ಎಂದು ನಾನು ಕೂಗಿದೆ.

"ಅವರಿಗಲ್ಲ. ನಾನು ಕಟ್ಟಿದ ಮನೆ ಇದು" ಎಂದಳು.

ಅವ್ವ ಈಗಿಲ್ಲ. ಆ ಕಾಲದಲ್ಲಿ ಕಾಲೊನಿಯವರೆಲ್ಲ ಒಂದೇ ಮನೆಯವರಂತಿದ್ದರು ಎಂದು ಯಾರಾದರೂ ಹೊಗಳಿದರೆ ನಾನು ಸುಮ್ಮನಿರುವುದಿಲ್ಲ. ನೀವು ಯಾವ ಸಾಲಿನಲ್ಲಿದ್ರಿ ಎಂದು ಕೇಳುತ್ತೇನೆ.