ಶಿರಾ ಬೇಡ ಅಂದದ್ದಕ್ಕೆ

ಡಾಕ್ಟರ್ ಹೇಳಿದರೆಂದು ಹೊಟ್ಟೆ ಇಳಿಸಲು ಸಕ್ಕರೆ, ತುಪ್ಪ ಬಿಟ್ಟು ಮೂರು ವಾರವಾಗಿತ್ತು. ಒಂದು ದಿನವೂ ತಪ್ಪಿರಲಿಲ್ಲ. ದನಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಅವತ್ತು ಜೇವರ್ಗಿ ತಾಲೂಕಿನ ಕೊಳಕೂರಿಗೆ ಹೋಗಿದ್ದೆ. ಮಹಬೂಬಬೀ ಎಂಬ ಹಿರಿಯ ಹೆಂಗಸಿನ ಎರಡು ಎಮ್ಮೆಗಳಿಗೆ ಸೂಜಿ ಹಾಕಿ ಕೈ ತೊಳೆಯುವಷ್ಟರಲ್ಲಿ, ಆಕೆ ತುಪ್ಪ ಸುರಿದ ಶಿರಾ ತಂದು ಮುಂದಿಟ್ಟಳು.

"ಬ್ಯಾಡ್ರೀ ಅಮ್ಮಾ, ನಾ ತಿನ್ನಂಗಿಲ್ಲ," ಅಂದೆ.

ಆಕೆಯ ಮುಖ ಸಣ್ಣದಾಯಿತು. "ನಮ್ಮ ಮನೀದಂತ ಬ್ಯಾಡಂದ್ರೇನ್ರಿ ಸಾಹೇಬ್ರ?"

ಆಕೆಯ ಕಣ್ಣು ನನ್ನ ಹಣೆಯ ವಿಭೂತಿಯ ಮೇಲಿತ್ತು. "ಖರೇನ ಹಂಗಲ್ರೀ. ಹೊಟ್ಟಿ ಇಳಸಾಕತ್ತೇನಿ."

"ಹೋದ ಸಲ ಸೂಜಿ ಹಾಕಾಕ ಬಂದಾವ್ರು ಶುಗರ್ ಐತಿ ಅಂದ್ರು. ಆಮ್ಯಾಲ ಗೌಡ್ರ ಮನ್ಯಾಗ ಹೋಳಿಗಿ ಉಂಡ್ರು," ಎಂದು ಆಕೆ ತಟ್ಟೆ ಎತ್ತಿಕೊಂಡಳು.

ಇನ್ನೇನು ಹೇಳಿದರೂ ನೆಪವೆನಿಸುತ್ತದೆ ಎಂದು ಗೊತ್ತಾಯಿತು. "ಇವತ್ತ ನೀವೇನ್ ಉಂಡ್ರಿ?" ಎಂದು ಕೇಳಿದೆ.

"ರೊಟ್ಟಿ, ಪುಂಡಿಪಲ್ಯ. ಅದನ್ನ ಸಾಹೇಬ್ರ ಮುಂದ ಹೆಂಗ ಇಡೋದ್ರಿ?"

"ಅದನ್ನೇ ಕೊಡ್ರಿ. ಡಾಕ್ಟರ್ ನನಗ ತಿನ್ನು ಅಂದದ್ದೂ ಅದನ್ನೇ."

ಆಕೆ ಎದುರಿಗೇ ಕುಳಿತು ನಾನು ತುತ್ತು ನುಂಗುವುದನ್ನೇ ನೋಡುತ್ತಿದ್ದಳು. ನನ್ನ ಪಥ್ಯಕ್ಕೆ ಒಂದೇ ರೊಟ್ಟಿ. ಎರಡನೆಯದನ್ನು ಆಕೆ ಕೇಳದೆಯೇ ಹಾಕಿದಳು. ಮೂರನೆಯದನ್ನು ನಾನೇ ಕೇಳಿದೆ.

ಆಗ ಆಕೆ ಸೆರಗು ಬಾಯಿಗಿಟ್ಟು ನಕ್ಕಳು. "ಹಿಂಗ ಉಂಡ್ರ ಹೊಟ್ಟಿ ಹೆಂಗ ಇಳೀತೈತ್ರಿ ಸಾಹೇಬ್ರ?"

ಮರುದಿನದಿಂದ ಪಥ್ಯ ಮೊದಲಿನಂತೆಯೇ ನಡೆಯಿತು. ಆ ವಾರ ತೂಕದ ಯಂತ್ರದ ಹತ್ತಿರ ಮಾತ್ರ ನಾನು ಸುಳಿಯಲಿಲ್ಲ.