ಡುಫಿಯೆಯ ಮಣಿಕಟ್ಟು

ಕುಮಾಸಿ ಊರಿನ ಸುವಾಮೆ ಎಂಬ ಗ್ಯಾರೇಜು ಕೇರಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಡುಫಿಯೆ ಒಬ್ಬಳು. ಗಂಡ ಸತ್ತ ಮೇಲೆ ಅವನ ಶೆಡ್ಡು, ಅವನ ವೋಲ್ಟ್ ಮೀಟರು ಇಟ್ಟುಕೊಂಡು ಹನ್ನೊಂದು ವರ್ಷ ದುಡಿದಿದ್ದಳು. ಪಕ್ಕದಲ್ಲೇ ನನ್ನ ವೆಲ್ಡಿಂಗ್ ಅಂಗಡಿ.

ಅಗ್ಯೇಕುಮ್ ಎಂಬ ಡ್ರೈವರನ ಟ್ರೋಟ್ರೋಗೆ, ಅಂದರೆ ಬಾಡಿಗೆಗೆ ಜನ ತುಂಬಿಕೊಂಡು ಓಡುವ ವ್ಯಾನಿಗೆ, ಹಿಂದಿನ ವಾರ ಅವಳು ಹೊಸ ಬ್ಯಾಟರಿ ಹಾಕಿಕೊಟ್ಟಿದ್ದಳು. ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿಗೆ ಹೋಗುವ ಅರ್ತ್ ಕೇಬಲ್ಲನ್ನೂ ನೋಡಬೇಕು, ಗಾಡಿ ಒಂದು ಗಂಟೆ ಬಿಡು ಎಂದಿದ್ದಳು. ಜನ ಕಾಯುತ್ತಿದ್ದಾರೆಂದು ಅವನು ಹೊರಟುಬಿಟ್ಟಿದ್ದ. ಆ ವ್ಯಾನು ಸಂತೆಯ ದಿನ ಏರಿನ ನಡುವೆ ನಿಂತುಹೋಯಿತು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಹಿಂದೆ ಸಿಕ್ಕಿಕೊಂಡಿದ್ದ ಡ್ರೈವರುಗಳು ಅವನನ್ನು ಕೆಳಗೆಳೆದು ಹೊಡೆದರು. ವ್ಯಾನಿಗೆ ಹಗ್ಗ ಕಟ್ಟಿ ಡುಫಿಯೆಯ ಶೆಡ್ಡಿಗೆ ಎಳೆಸಿಕೊಂಡು ಬಂದಾಗ ಅವನ ತುಟಿ ಸೀಳಿತ್ತು, ಕೈಯಲ್ಲಿ ವೀಲ್ ಪಾನಾ ಇತ್ತು.

"ಹಳೇ ಬ್ಯಾಟ್ರಿ ತೊಳ್ದು ಕೊಟ್ಯಲ್ಲೇ, ಕಳ್ಳಿ" ಎಂದ.

ಡುಫಿಯೆ ತಿನ್ನುತ್ತಿದ್ದ ಕೆಂಕೆಯನ್ನು, ಹುಳಿ ಬಂದ ಜೋಳದ ಹಿಟ್ಟಿನ ಉಂಡೆಯನ್ನು, ಪಕ್ಕಕ್ಕಿಟ್ಟು ಎದ್ದಳು. ಮೀಟರ್ ಇಟ್ಟು ನೋಡೋಣ, ಆಮೇಲೆ ಬೈಯಿ ಎಂದು ಬಾನೆಟ್ಟಿನ ಮೇಲೆ ಬಾಗಿದಳು. ಅವನು ಪಾನಾ ಬೀಸಿದ. ಅವಳ ಬಲ ಮಣಿಕಟ್ಟು ಮುರಿದ ಸದ್ದು ನನ್ನ ಅಂಗಡಿಗೆ ಕೇಳಿಸಿತು.

ನಾವು ಏಳೆಂಟು ಜನ ಕೈಗೆ ಸಿಕ್ಕ ಸರಳು ಹಿಡಿದು ಅವನ ಮೇಲೆ ಬಿದ್ದೆವು. ನೆಲಕ್ಕೆ ಕೆಡವಿ ತುಳಿದೆವು. ನಾನು ಬೂಟುಗಾಲಲ್ಲಿ ಪಕ್ಕೆಗೆ ಒದ್ದೆ. ಒಬ್ಬ ಅವನ ತಲೆಯ ಮೇಲೆ ಕಬ್ಬಿಣದ ಸರಳು ಎತ್ತಿದ್ದ. ಆಗ ಡುಫಿಯೆ ಅಡ್ಡ ಬಂದಳು.

"ಬಿಡ್ರೋ. ಅವ್ನ ಕೈ ಬೇಕು ನಂಗೆ. ನನ್ನ ಕೈ ಹೋಯ್ತಲ್ಲ."

ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿಗೆ ಒತ್ತಿ ಹಿಡಿಯಲು ನೆಲದಿಂದೆದ್ದ ಅಗ್ಯೇಕುಮ್‌ಗೆ ಹೇಳಿ, ನನ್ನಿಂದ ಸೆಲ್ಫ್ ಹೊಡೆಸಿದಳು. ಎಂಜಿನ್ ಟಕ್ಕೆಂದಿತಷ್ಟೇ, ಮುಳ್ಳು ಮೂರು ವೋಲ್ಟಿಗೆ ಏರಿತು.

"ಅಲ್ಲಿ ಸೊನ್ನೆ ಇರ್ಬೇಕು. ನಿನ್ನ ಕರೆಂಟು ದಾರೀಲೇ ಸಾಯ್ತಿದೆ, ಬ್ಯಾಟ್ರೀಲಲ್ಲ" ಎಂದಳು.

ಮೈನಸ್ ಬಿಚ್ಚಿಸಿ ಹಳೆಯ ಅರ್ತ್ ಕೇಬಲ್ ತೆಗೆಸಿದಳು. ಸೀಳಿ ನೋಡಿದರೆ ಒಳಗೆಲ್ಲ ಹಸಿರು ಪುಡಿ, ತಾಮ್ರದ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಎಂಜಿನ್ನಿನ ಮೇಲಿನ ತುಕ್ಕನ್ನು ಹೊಳೆಯುವವರೆಗೆ ಅವನಿಂದಲೇ ಉಜ್ಜಿಸಿದಳು. ಅವನ ಮೂಗಿನ ರಕ್ತ ಬೋಲ್ಟಿನ ಮೇಲೆ ತೊಟ್ಟಿಕ್ಕಿದಾಗ ಒರೆಸು ಎಂದಳು. ನಮ್ಮ ಕೈಯ ಸರಳುಗಳನ್ನು ಇನ್ನೂ ಯಾರೂ ಕೆಳಗಿಟ್ಟಿರಲಿಲ್ಲ. ಅವನ ಬೆರಳಿನಿಂದ ನಟ್ಟು ಎರಡು ಸಲ ಜಾರಿತು.

ಹೊಸ ಕೇಬಲ್ ಬಿಗಿದ ಮೇಲೆ ಎಂಜಿನ್ ಒಂದೇ ಏಟಿಗೆ ಹಿಡಿಯಿತು. ಮೀಟರು ಬ್ಯಾಟರಿಯ ಮೇಲೆ ಹದಿನಾಲ್ಕು ವೋಲ್ಟು ತೋರಿಸಿತು, ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಡುಫಿಯೆ ಹಳೆಯ ಕೇಬಲ್ಲನ್ನು ಎಡಗೈಯಲ್ಲಿ ಎತ್ತಿಕೊಂಡು ಅವನ ಮುಖದ ಮೇಲೆ ಬೀಸಿ ಬಾರಿಸಿದಳು. ಕಿವಿಯಿಂದ ಗಲ್ಲದವರೆಗೆ ಚರ್ಮ ಕಿತ್ತುಬಂತು. ಅವನು ಕೈ ಎತ್ತಲಿಲ್ಲ.

"ಈಗ ಹೋಗು."

ಮೂಳೆ ಕಟ್ಟುವವನು ಎರಡು ಸಲ ಕಟ್ಟಿದರೂ ಮಣಿಕಟ್ಟು ಸೊಟ್ಟಗೇ ಕೂಡಿತು. ಅವಳು ಎಡಗೈಯಲ್ಲಿ ಕೆಲಸ ಕಲಿತಳು. ಎರಡು ತಿಂಗಳ ಮೇಲೆ ಅಗ್ಯೇಕುಮ್‌ನ ತಾಯಿ ಬಾಳೆಗೊನೆ ಹೊತ್ತು, ಮಗನನ್ನು ಕರೆದುಕೊಂಡು ಕ್ಷಮೆ ಕೇಳಲು ಬಂದಳು. ಡುಫಿಯೆ ಮುದುಕಿಯನ್ನು ಕೂರಿಸಿ ನೀರು ಕೊಟ್ಟಳು, ಗೊನೆಯನ್ನು ವಾಪಸು ಹೊರಿಸಿದಳು, ಮಗನನ್ನು ಶೆಡ್ಡಿನೊಳಕ್ಕೆ ಬಿಡಲಿಲ್ಲ.

ಹೊರಗೆ ನಿಂತಿದ್ದ ಅವನು ಕೆಮ್ಮಿದಾಗಲೆಲ್ಲ ಪಕ್ಕೆ ಹಿಡಿದುಕೊಳ್ಳುತ್ತಿದ್ದ. ಎರಡು ಎಲುಬು ಮುರಿದಿದ್ದವೆಂದು ಮುದುಕಿ ಹೇಳಿದಳು. ಒದ್ದವರು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.